ಲವೋನ್ ಬರೆದ ಚೀಟಿ

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಓಹಾಯೋದಲ್ಲಿ, ವೆಂಡೆಲ್‌ನ ಶೆಡ್ಡಿನಲ್ಲಿ, ಹವ್ಯಾಸಕ್ಕಾಗಿ ಮರ ಕೊಯ್ಯುವವರೆಲ್ಲ ಸೇರಿದ್ದರು. ಎಲ್ಲರೂ ಮನೆಯ ಹಿತ್ತಲಲ್ಲಿಟ್ಟ ತಮ್ಮ ಗರಗಸದ ಮಿಲ್ಲಿನಿಂದ ಒಂದೊಂದು ತುಂಡು ಮರ ತಂದು, ಮರದ ಹೆಸರು ಬರೆದ ಚೀಟಿಯನ್ನು ಅದರ ಬೆನ್ನಿಗೆ ಅಂಟಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಮೂಸಿ ಹೆಸರು ಹೇಳಬೇಕು. ಎಲ್ಲ ಸರಿ ಹೇಳಿದವರಿಗೆ ಮಿಲ್ಲಿಗೆ ಹಾಕುವ ಹತ್ತು ಹೊಸ ಗರಗಸದ ಅಲಗು ಬಹುಮಾನ.

ಗೆದ್ದರೆ ಈ ಗಂಡಸರು ತನ್ನ ಪುಟ್ಟ ಮಿಲ್ಲನ್ನು ಆಟದ ಸಾಮಾನು ಅನ್ನುವುದನ್ನು ಬಿಟ್ಟಾರು ಎಂದು ಗುಂಪಿನ ಒಬ್ಬಳೇ ಹೆಂಗಸಾದ ಲವೋನ್‌ಗೆ ಆಸೆ. ಐದು ತುಂಡುಗಳನ್ನು ಸರಿಯಾಗಿ ಹೇಳಿದಳು. ಕೊನೆಯದನ್ನು ಮೂಸಿ, "ಚೆರ್ರಿ" ಎಂದಳು.

ವೆಂಡೆಲ್ ಚೀಟಿ ಓದಿದ. "ತಪ್ಪಮ್ಮಾ. ಮೇಪಲ್."

"ಸಾಧ್ಯವೇ ಇಲ್ಲ! ಯಾವ ಪೆದ್ದ ಬರೆದಿದ್ದು ಅದನ್ನ?"

ಎಲ್ಲರೂ ಗೊಳ್ಳೆಂದು ನಕ್ಕರು. ಬಟ್ಟೆ ಬಿಚ್ಚಿ ನೋಡಿದರೆ ಅಕ್ಷರ ಅವಳದೇ.

ಪಕ್ಕದಲ್ಲಿದ್ದ ಮರ್ಲ್ ತುಂಡನ್ನು ಮೂಸಿದ. "ಚೆರ್ರಿನೇ ಕಣಯ್ಯಾ ಇದು."

"ಇರಬಹುದು. ಆದ್ರೆ ಇಲ್ಲಿ ಚೀಟಿ ಹೇಳಿದ್ದೇ ಸರಿ," ಎಂದ ವೆಂಡೆಲ್. "ಜಗಳ ಆಡೋದಿದ್ರೆ ಬರೆದವಳ ಹತ್ರ ಆಡಮ್ಮಾ, ಲವೋನ್."

ಲವೋನ್ ನಗಲು ನೋಡಿದಳು, ಆಗಲಿಲ್ಲ. ಮನೆಯಲ್ಲಿ ಇದೇ ದಿಮ್ಮಿಯ ನಲವತ್ತು ಹಲಗೆಗಳಿದ್ದವು, ಎಲ್ಲದರ ಮೇಲೂ ಮೇಪಲ್ ಎಂದು ಬರೆದಿದ್ದಳು. ಅದೇ ದಿನ ಕೊಯ್ದ ಇನ್ನೊಂದು ದಿಮ್ಮಿಯ ಹಲಗೆಗಳ ಮೇಲೆ ಚೆರ್ರಿ ಎಂದು ಬರೆದಿದ್ದಳು. ಹಾಗಾದರೆ ಅವುಗಳಿಂದ ಚೆರ್ರಿ ಎಂದು ಅಕ್ಕನಿಗೆ ಮಾಡಿಕೊಟ್ಟ ಮೇಜು ಯಾವ ಮರದ್ದು?