ಗಂಜಿ ಹಾಕಿದ ಲಂಗೋಟಿ

ಆಲದ ಎಳೆಯ ಎಲೆಯ ಮೇಲೆ ಮಲಗಿ, ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು, ಪ್ರಳಯದ ನೀರಿನಲ್ಲಿಯೂ ನಗುತ್ತ ತೇಲಿದ ಶಿಶುವಿಗೆ ಮೊದಲ ವಂದನೆ. ಅವನಿಗೆ ಹಾಸಲು ಅರಿವೆ ಬೇಕಾಗಲಿಲ್ಲ. ಒದ್ದೆಯಾದರೆ ಬದಲಿಸುವವರೂ ಬೇಕಾಗಲಿಲ್ಲ. ದಿಕ್ಕುಗಳನ್ನೇ ಉಟ್ಟು ಕುಣಿಯುವ ಶಿವನಿಗೆ ಎರಡನೆಯ ವಂದನೆ. ಅವನ ಉಡುಗೆಯನ್ನು ಒಗೆದು ಒಣಹಾಕುವ ಶ್ರಮ ಮೂರು ಲೋಕದಲ್ಲಿ ಯಾರಿಗೂ ಇಲ್ಲ. ಆದರೆ ಮನುಷ್ಯರ ಮನೆಯಲ್ಲಿ ಹುಟ್ಟಿದ ಕೂಸಿಗೆ ಬಟ್ಟೆ ಬೇಕು. ಬಟ್ಟೆಗೆ ನೀರೂ ಬಿಸಿಲೂ ಬೇಕು. ಇವೆಲ್ಲದರ ನಡುವೆ ಬೇಸರಿಸದ ಕೈ ಬೇಕು. ಅಂಥ ಕೈಗಳಲ್ಲಿ ನೆಲಸಿರುವ ಜಗನ್ಮಾತೆಯನ್ನು ನೆನೆದು, ಒಂದು ಕೂಸಿನ ಲಂಗೋಟಿಯ ವೃತ್ತಾಂತವನ್ನು ಹೇಳುತ್ತೇನೆ. ವಸ್ತು ಚಿಕ್ಕದೆಂದು ಯಾರೂ ಮೂಗು ಮುರಿಯಬಾರದು. ಲೋಕದ ದೊಡ್ಡವರೆಲ್ಲ ಒಮ್ಮೆ ಅದನ್ನುಟ್ಟೇ ಬೆಳೆದವರು.

ಬೇಡಕಿಹಾಳದಲ್ಲಿ ಕಬ್ಬಿನ ಹೊಲಗಳುಳ್ಳ ಬಾಬಾಸಾಹೇಬರು ತಮ್ಮ ಬಿಳುಪಿಗೆ ಹೆಸರಾದವರು. ಅವರ ಧೋತರ, ಅಂಗಿ, ಟೋಪಿಗಳು ಹಾಲಿನ ಕೆನೆಯಷ್ಟು ಬೆಳ್ಳಗೆ, ಹಪ್ಪಳದಷ್ಟು ಗರಿಗರಿ. ಅವರು ನಡೆದು ಬಂದರೆ ಮೊದಲು ಬಟ್ಟೆಯ ಸದ್ದು ಕೇಳುತ್ತಿತ್ತು, ಆಮೇಲೆ ಚಪ್ಪಲಿಯ ಸದ್ದು. ಆ ಬಟ್ಟೆಗಳನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಹಿತ್ತಲಿನ ಮೂಲೆಯಲ್ಲಿ ಒಂದು ತಾಮ್ರದ ಹಂಡೆಯಿತ್ತು. ಬೆಳಕು ಹರಿಯುವ ಹೊತ್ತಿಗೆ ಅದರಲ್ಲಿ ಸಾಬೂದಾಣಿಯ ಗಂಜಿ ಕಾಯಿಸಿ, ಸೋಸಿ, ತಮ್ಮ ಬಟ್ಟೆಗಳನ್ನು ತಾವೇ ಅದ್ದಿ, ಜಾಡಿಸಿ ಹರವುತ್ತಿದ್ದರು. ಪೂಜೆಯ ಕೋಣೆಗೆ ಸಲ್ಲುವ ಮಡಿ ಆ ಮೂಲೆಗೂ ಸಲ್ಲುತ್ತಿತ್ತು. ಅವರ ಹೆಂಡತಿ ಗಿರಿಜವ್ವ ಮದುವೆಯಾದ ಹೊಸದರಲ್ಲಿ ಒಮ್ಮೆ ಆ ಹಂಡೆಯಲ್ಲಿ ಅವರೆಕಾಳು ಬೇಯಿಸಿ ಬೈಸಿಕೊಂಡವಳು, ಮತ್ತೆಂದೂ ಆ ಕಡೆಗೆ ಸುಳಿದಿರಲಿಲ್ಲ.

ಸೊಸೆ ಶೈಲಾ ಬಾಣಂತನ ಮುಗಿಸಿಕೊಂಡು, ಕೃಷ್ಣೆಯ ದಂಡೆಯ ತವರೂರು ಸತ್ತಿಯಿಂದ ಹೆಣ್ಣುಕೂಸನ್ನೆತ್ತಿಕೊಂಡು ಈ ಮನೆಗೆ ಬಂದಳು. ತವರಿನಲ್ಲಿ ಹಳೆಯ ಸೀರೆಯ ತುಂಡುಗಳಲ್ಲಿ ಬೆಳೆದ ಕೂಸಿನ ಮೈ ಬೆಣ್ಣೆಯಂತಿತ್ತು. ಇಲ್ಲಿ ಗಂಡ ಸಂಜಯ ನಿಪ್ಪಾಣಿಯಿಂದ ಪ್ಯಾಕೆಟ್ಟಿನ ಡೈಪರುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದು, ಗೊಬ್ಬರದ ಚೀಲಗಳಂತೆ ಒಟ್ಟಿದ್ದ. ವಾರ ಕಳೆಯುವಷ್ಟರಲ್ಲಿ ಕೂಸಿನ ತೊಡೆಸಂದಿಯಲ್ಲಿ ಕೆಂಪು ದದ್ದುಗಳೆದ್ದವು. ಚಿಕ್ಕೋಡಿಯ ಡಾಕ್ಟರು ಮುಲಾಮು ಬರೆದುಕೊಟ್ಟು, ಗಾಳಿಯಾಡಬೇಕು, ಒದ್ದೆಯಾದ ಕೂಡಲೇ ಬದಲಿಸಬೇಕು ಎಂದರು.

"ಇನ್ನ ಮ್ಯಾಲ ಅರಿವೀನ ಹಾಕಾಕಿ ನಾ," ಎಂದಳು ಶೈಲಾ.

"ದಿನಾ ಗುಡ್ಡೆಗಟ್ಲೆ ಯಾರ ಒಗಿಯಾವ್ರ?" ಎಂದ ಸಂಜಯ. "ನೀ ಮಲಗಬೇಕಂತ ತಂದೇನಿ ಇವನ್ನ. ಸೋತು ಸುಣ್ಣಾಗೀದಿ, ಮಾರಿ ನೋಡ್ಕೋ ಕನ್ನಡ್ಯಾಗ."

"ನನ್ನ ಮಾರಿ ಇರ್ಲಿ. ಕೂಸಿನ ತೊಡಿ ನೋಡ್ರಿ ಮೊದಲ."

ಸಂಜಯನದು ಪ್ರೀತಿಯ ಮಾತೇ. ಆದುದರಿಂದ ಜಗಳ ಬೆಳೆಯಲಿಲ್ಲ, ಒಪ್ಪಂದವಾಯಿತು. ಕೂಸಿಗೆ ಹೆಸರಿಡುವ ಕಾರ್ಯವನ್ನು ತಮ್ಮ ಮನೆಯಲ್ಲಿಯೇ ನಡೆಸಬೇಕೆಂದು ಬಾಬಾಸಾಹೇಬರು ಮುಹೂರ್ತ ಗೊತ್ತು ಮಾಡಿದ್ದರು. ಆ ದಿನದೊಳಗೆ ದದ್ದು ಮಾಗಿದರೆ ಬಟ್ಟೆಯೇ ನಿಲ್ಲತಕ್ಕದ್ದು. ಮಾಗದಿದ್ದರೆ ಶೈಲಾ ಮರುಮಾತಾಡದೆ ಪ್ಯಾಕೆಟ್ಟಿಗೆ ಮರಳತಕ್ಕದ್ದು. ಶೈಲಾ ಒಪ್ಪಿದಳು. ಒಪ್ಪಿದ ಮೇಲೆ ಕೂಸನ್ನು ಎದೆಗವಚಿಕೊಂಡಳು. ಏಕೆಂದರೆ ತನ್ನ ಮಾತು ಸೋತರೆ ಉರಿಯುವುದು ಮಾತಾಡಲು ಬಾರದ ಕೂಸಿನ ಮೈ.

ಯಾವ ಬಟ್ಟೆ ಎಂಬುದೇ ಮೊದಲ ಪ್ರಶ್ನೆಯಾಯಿತು. ಶೈಲಾ ಫೋನಿನಲ್ಲಿ ನೋಡಿ ತರಿಸಿಕೊಂಡಿದ್ದ, ಆನೆಯ ಚಿತ್ರಗಳುಳ್ಳ, ಗುಂಡಿ ಹಚ್ಚುವ ಬಟ್ಟೆಯ ಡೈಪರೊಂದನ್ನು ಗಿರಿಜವ್ವ ಎತ್ತಿ ಹಿಡಿದು ನೋಡಿದಳು.

"ಇದೇನ ಬೇ, ಕೂಸಿನ ಕುಂಡಿಗೆ ಜಾಕೀಟ?"

"ಒಳಗ ಮಡಚಿದ ಅರಿವಿ ಇಡೂದ್ರಿ ಅತ್ತಿ. ಊರಿಗೆ ಹೋಗೂ ಮುಂದ ಚಲೋ ಆಗ್ತೈತಿ. ಮನ್ಯಾಗ ಮಾತ್ರ ಹಳೇ ಅರಿವಿನ ಬೇಕು."

ಗಿರಿಜವ್ವ ತನ್ನ ಹಳೆಯ ಸೀರೆಗಳನ್ನು ತಂದು ಸುರಿದಳು. ಗೋಡೆಯಾಚೆಯ ಮನೆಯ ಕುಲಸುಂಬಿ, ಮೊಮ್ಮಗ ಅರ್ಮಾನನನ್ನು ಬಟ್ಟೆಯಲ್ಲಿಯೇ ಬೆಳೆಸಿದವಳು, ಕರೆಯದೆಯೇ ಬಂದು ಕುಳಿತು ಪರೀಕ್ಷೆಗೆ ತೊಡಗಿದಳು. ಅವಳ ಪರೀಕ್ಷೆಯ ಕ್ರಮ ಸರಳವಾಗಿತ್ತು: ಬಟ್ಟೆಯನ್ನು ಮಡಚಿ ತನ್ನ ತುಟಿಯ ಮೇಲೆ ಎಳೆಯುವಳು, ತುಟಿ ತಡೆದರೆ ಬಟ್ಟೆ ಅನರ್ಹ.

"ಇದು ನೈಲಾನ್, ಥೂ. ಇದು ಚುಚ್ಚತೈತಿ. ಇದು ನೀರ ಕುಡಿಯೂದಿಲ್ಲ. ಗಿರಿಜಕ್ಕಾ, ಈ ಸೀರಿ ಉಟ್ಕೊಂಡ ನೀ ಹ್ಯಾಂಗ ಬದುಕೀದಿ ಬೇ?"

"ಮತ್ತೇನ ನಿಮ್ಮ ಮನಿಗೆ ಬಂದು ನಿನ್ನ ಓಡನಿ ಹರೀಬೇಕೇನ?"

"ಓಡನಿ ಯಾಕ? ಈ ಓಣ್ಯಾಗ ಎಲ್ಲಾರಕಿಂತ ಮೆತ್ತನ ಅರಿವಿ ನಿನ್ನ ಗಂಡನ ಟ್ರಂಕಿನ್ಯಾಗ ಐತಿ. ಹಳೇ ಧೋತರ! ತೊಳದು ತೊಳದು ಮಲಮಲ ಆಗಿರ್ತಾವ. ಕೇಳಾಕ ಧೈರ್ಯ ಬೇಕು, ಅಷ್ಟ."

ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿದರು. ಸವೆದ ಧೋತರಗಳನ್ನೂ ಬಾಬಾಸಾಹೇಬರು ನೀಟಾಗಿ ಮಡಚಿ ಟ್ರಂಕಿನಲ್ಲಿಡುತ್ತಿದ್ದರು. ಒಂದು ಅಂಗುಲವನ್ನೂ ನೆಲ ಒರೆಸಲು ಕೊಟ್ಟವರಲ್ಲ. ಕೊನೆಗೆ ಶೈಲಾಳೇ ಕೂಸನ್ನೆತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ನಿಂತಳು. ಬಾಳಿ ಬದುಕಿದ ಹಿರಿಯರ ಮೈಮೇಲೆ ಸವೆದ ಬಟ್ಟೆಯನ್ನು ಕೂಸಿಗೆ ಉಡಿಸಿದರೆ ಆ ಹಿರಿಯರ ಆಯುಷ್ಯ ಅದಕ್ಕೆ ಹತ್ತುವುದೆಂಬ ನಂಬಿಕೆ ಈ ಸೀಮೆಯಲ್ಲಿದೆ. ಅವಳು ಅದನ್ನೇ ಹೇಳಿದಳು.

"ಮಾಮಾ, ನಿಮ್ಮ ಆಯುಷ್ಯದಾಗ ಇಷ್ಟ ಇದಕ್ಕ ಕೊಡ್ರಿ."

ಬಾಬಾಸಾಹೇಬರು ಬಹಳ ಹೊತ್ತು ಕೂಸನ್ನು ನೋಡಿದರು. ಅವರು ಅದನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಬಟ್ಟೆ ಮುದುಡೀತೆಂಬ ಭಯ ಅವರಿಗೆ, ಬಟ್ಟೆ ಹಾಳಾದೀತೆಂಬ ಭಯ ಉಳಿದವರಿಗೆ. ಆಮೇಲೆ ಎದ್ದು, ಜನಿವಾರಕ್ಕೆ ಕಟ್ಟಿದ್ದ ಕೀಲಿಯಿಂದ ಟ್ರಂಕು ತೆರೆದು, ಧೋತರಗಳನ್ನು ತಾವೇ ಹೊರತೆಗೆದು ಸೊಸೆಯ ಮುಂದಿಟ್ಟರು. "ನನ್ನ ಮೊಮ್ಮಗಳು ನನ್ನ ಧೋತರಾನ ಉಡ್ಲಿ," ಎಂದರು. ಅವರ ದನಿಯಲ್ಲಿ ಸಿಂಹಾಸನ ಬಿಟ್ಟುಕೊಡುವ ಅರಸನ ಗಾಂಭೀರ್ಯವಿತ್ತು.

ಟ್ರಂಕಿನ ವಾಸನೆ ಹೋಗಲೆಂದು ಗಿರಿಜವ್ವ ಅವುಗಳನ್ನು ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ, ಚೌಕವಾಗಿ ಹರಿದಳು. ಶೈಲಾ ಚೌಕವನ್ನು ಮುಕ್ಕೋನವಾಗಿ ಮಡಚಿ, ನಡುವೆ ಇನ್ನೊಂದು ಪದರವನ್ನಿಟ್ಟು, ಹೊಕ್ಕುಳಿನ ಕೆಳಗೆ ಗಂಟು ಬಿಗಿಯದಂತೆ ಕಟ್ಟುತ್ತಿದ್ದಳು. ಒದ್ದೆಯಾದೊಡನೆ ಬದಲಿಸುತ್ತಿದ್ದಳು. ಒಗೆಯುವಾಗ ಸಾಬೂನಿನ ಜಿಡ್ಡು ಉಳಿಯದಂತೆ ಮತ್ತೆ ಮತ್ತೆ ಹಿಂಡುತ್ತಿದ್ದಳು. ಮೊದಲ ದಿನಗಳಲ್ಲಿಯೇ ದದ್ದಿನ ಕೆಂಪು ಇಳಿಯತೊಡಗಿತು. ಸಂಜಯ ಬಗ್ಗಿ ನೋಡಿ, "ಹೂಂ," ಎಂದಷ್ಟೇ ಅಂದು ಹೋದ.

ಆದರೆ ಹಿತ್ತಲಿನ ತಂತಿ ದಾರಿಗೆ ಕಾಣುವಂತಿತ್ತು. ಎತ್ತು ಹೊಡೆದುಕೊಂಡು ಹೊಲಕ್ಕೆ ಹೊರಟ ಜಕ್ಕಪ್ಪನೆಂಬ ಹಳೆಯ ಗೆಳೆಯ ಬೇಲಿಯ ಬಳಿ ನಿಂತು, ತಂತಿಯ ಮೇಲೆ ಜೋತುಬಿದ್ದ ಮುದುಡಿದ ಚೌಕಗಳನ್ನು ನೋಡಿದ.

"ಏನ್ರಿ ಸಾವಕಾರ್ರ, ಇವು ನಿಮ್ಮ ಧೋತರದ್ವ ಹೌದಲ್ರಿ? ಭಾಳ ಸೊರಗ್ಯಾವ ಪಾಪ! ಧಣಿ ಮೈಮ್ಯಾಗ ಇದ್ದಾಗ ಹ್ಯಾಂಗ ಸೆಟದ ನಿಲ್ತಿದ್ದೂ!"

ಬಾಬಾಸಾಹೇಬರು ನಕ್ಕರು, ಆದರೆ ಮಾತು ನಾಟಿತು. ತಮ್ಮ ಮೊಮ್ಮಗಳು ಸುಕ್ಕುಗಟ್ಟಿದ ಅರಿವೆ ಉಡುವುದೇ? ಮರುದಿನದಿಂದ, ಶೈಲಾ ಒಗೆದು ಹಿಂಡಿ ಬುಟ್ಟಿಯಲ್ಲಿಟ್ಟು ಕೂಸಿಗೆ ಹಾಲೂಡಿಸಲು ಒಳಗೆ ಹೋದ ವೇಳೆಯಲ್ಲಿ, ಅವರು ಆ ಚೌಕಗಳನ್ನು ತಮ್ಮ ಹಂಡೆಯ ಗಂಜಿಯಲ್ಲಿ ಅದ್ದಿ, ಅಂಚಿಗೆ ಅಂಚು ಕೂಡಿಸಿ, ತಂತಿಯ ಮೇಲೆ ಹರವತೊಡಗಿದರು. ಮಾವನವರು ತಾವಾಗಿ ಒಣಹಾಕುತ್ತಿದ್ದಾರೆಂದು ಶೈಲಾ ಕೃತಜ್ಞಳಾದಳು. ಗಂಜಿಯ ಯೋಚನೆ ಯಾರಿಗೂ ಬರಲಿಲ್ಲ. ಕೂಸಿನ ಲಂಗೋಟಿಗೆ ಗಂಜಿ ಹಾಕುವ ಮನುಷ್ಯನನ್ನು ಬೇಡಕಿಹಾಳ ಅದುವರೆಗೆ ಕಂಡಿರಲಿಲ್ಲ.

ಬಟ್ಟೆ ಬಿರುಸಾಯಿತು. ಇಳಿಯುತ್ತಿದ್ದ ದದ್ದು ಮತ್ತೆ ಕೆಂಡದ ಬಣ್ಣಕ್ಕೆ ತಿರುಗಿತು.

"ಬೋರಿನ ನೀರಿಂದು ಇದು," ಎಂದಳು ಗಿರಿಜವ್ವ. "ಸತ್ತ್ಯಾಗ ಹೊಳಿ ನೀರಿತ್ತು. ಇಲ್ಲಿ ನೀರ ಬಿರುಸ."

ಸಂಜಯ ದೂಧಗಂಗೆಗೆ ಹೋಗಿ ಕ್ಯಾನುಗಳಲ್ಲಿ ಹೊಳೆಯ ನೀರು ತಂದ. ಹೊಳೆಯ ನೀರಿನಲ್ಲಿ ಒಗೆದ ಚೌಕಗಳೂ ಒಣಗಿ ಸೆಟೆದು ನಿಂತವು. ಶೈಲಾ ಸಾಬೂನು ಬದಲಿಸಿದಳು, ನೆರಳಿನಲ್ಲಿ ಒಣಗಿಸಿ ಎಂದು ಮಾವನವರನ್ನು ಬೇಡಿಕೊಂಡಳು. ಅವರು ನೆರಳಿನಲ್ಲಿಯೇ ಒಣಗಿಸಿದರು, ಗಂಜಿಯನ್ನು ಇನ್ನಷ್ಟು ದಪ್ಪ ಮಾಡಿ. ನೆರಳಿನಲ್ಲಿ ಗರಿ ಕಡಿಮೆಯಾದೀತೆಂಬುದು ಅವರ ಚಿಂತೆ.

ಹೆಸರಿಡುವ ದಿನದ ಮುಂಜಾನೆ ದದ್ದು ಹಾಗೆಯೇ ಇತ್ತು. ಸಂಜಯ ಪ್ಯಾಕೆಟ್ಟೊಂದನ್ನು ತಂದು ತೊಟ್ಟಿಲ ಬಳಿಯ ಗೂಡಿನಲ್ಲಿಟ್ಟ. ಗೆದ್ದವನ ಮುಖ ಅವನದಾಗಿರಲಿಲ್ಲ.

"ನಾ ಏನೂ ಅನ್ನೂದಿಲ್ಲ, ಶೈಲಾ. ಕಾರ್ಯ ಮುಗದ ಮ್ಯಾಲ ಹಾಕು. ನಿನ್ನ ಕೈಲಿ ಆಗೂದೆಲ್ಲಾ ಮಾಡೀದಿ."

ಶೈಲಾ ಕಣ್ಣೊರೆಸಿಕೊಂಡಳು. "ಅರಿವೀ ತಪ್ಪಲ್ಲ ಇದು. ಎಲ್ಲೋ ನನ್ನ ಕೈ ತಪ್ಪಾಕತ್ತೈತಿ. ಎಲ್ಲಿ ಅನ್ನೂದ ತಿಳೀವಲ್ದು."

ಈ ಮಾತು ಪಡಸಾಲೆಯಲ್ಲಿ ಹೊಸ ಧೋತರ ಉಟ್ಟು ಕುಳಿತಿದ್ದ ಬಾಬಾಸಾಹೇಬರ ಕಿವಿಗೂ ಬಿತ್ತು. ಅಷ್ಟರಲ್ಲಿ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದ ಗಿರಿಜವ್ವ ಕೂಸನ್ನು ಒಯ್ದು, ಬೇರೆ ಕೈ ಬಿಡುವಿಲ್ಲದ್ದರಿಂದ, ಅವರ ತೊಡೆಯ ಮೇಲಿಟ್ಟಳು. "ಸ್ವಲ್ಪ ಹಿಡ್ಕೋರಿ. ಕಡೀತೈತೇನು ಅದು?"

ಬಾಬಾಸಾಹೇಬರು ಉಸಿರು ಬಿಗಿಹಿಡಿದು ಕುಳಿತರು. ಕೂಸು ಕಾಲು ಝಾಡಿಸಿತು. ಲಂಗೋಟಿ ಚರಚರ ಎಂದಿತು. ಅದು ಅವರ ಮುಖವನ್ನೇ ನೋಡಿ ನಕ್ಕಿತು. ನಗುತ್ತಲೇ ಉಚ್ಚೆ ಹೊಯ್ದಿತು. ಗಂಜಿಯ ಬಟ್ಟೆ ಆ ನೀರನ್ನು ಬೇಗ ಹೀರಲಿಲ್ಲ. ಕೆಸುವಿನ ಎಲೆಯ ಮೇಲಿನಂತೆ ನೀರು ಮಡಿಕೆಗುಂಟ ಜಾರಿ, ಅಂಚಿನಿಂದ ಧಾರೆಯಾಗಿ ಅವರ ಧೋತರಕ್ಕೆ ಇಳಿಯಿತು. ಅಲ್ಲಿಯೂ ಒಳಗಿಳಿಯದೆ ಹನಿಗಳಾಗಿ ನಿಂತು ಹೊಳೆಯಿತು. ಅವರು ಮೆಲ್ಲಗೆ ಲಂಗೋಟಿಯ ಅಂಚನ್ನೆತ್ತಿದರು. ಎಳೆಯ ತೊಡೆಯ ಮೇಲೆ ಆ ಅಂಚು ಒತ್ತಿದ ಗುರುತು ಗೆರೆಯಾಗಿ ಕೆಂಪಗೆ ಮೂಡಿತ್ತು. ಆ ಗೆರೆಯನ್ನು ಎಳೆದವರು ಯಾರೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

"ಶೈಲಾ," ಎಂದು ಕರೆದರು. ಮನೆಯವರೆಲ್ಲ ಓಡಿಬಂದರು, ಕುಲಸುಂಬಿಯೂ ಬಂದಳು.

"ನಿನ್ನ ಕೈ ತಪ್ಪಿಲ್ಲವ್ವಾ. ನನ್ನ ಕೈ ತಪ್ಪೇತಿ. ನಾನ ಗಂಜಿ ಹಾಕಾಕತ್ತಿದ್ದೆ."

"ಯಾವುದಕ್ರಿ?"

"ಲಂಗೋಟಿಗೆ."

ಕುಲಸುಂಬಿ ಓಡನಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲಿಯೇ ಕುಸಿದು ಕುಳಿತಳು. "ಯಾ ಅಲ್ಲಾ! ಇಸ್ತ್ರಿ ಒಂದ ಬಿಟ್ರೇನ್ರಿ ಅಣ್ಣಾ, ಇಲ್ಲಾ ಅದೂ ಮಾಡೀರೋ?"

"ಅಪ್ಪಾ! ನಾ ಹೊಳಿ ನೀರ ಹೊತ್ತು ಹೊತ್ತು ನಡಾ ಹೋತು!" ಎಂದ ಸಂಜಯ.

ಶೈಲಾಳಿಗೆ ಮೊದಲು ಸಿಟ್ಟು ಬಂದಿತು, ಬಾಯಿ ತೆರೆದಳು; ಆದರೆ ಉಚ್ಚೆಯಲ್ಲಿ ತೊಯ್ದ ಧೋತರದಲ್ಲಿ, ಕೂಸನ್ನು ಕೈಬಿಡದೆ ಅಪರಾಧಿಯಂತೆ ಕುಳಿತ ಮಾವನನ್ನು ಕಂಡು, ತೆರೆದ ಬಾಯಿಂದ ನಗುವೇ ಬಂದಿತು. ನಗುವಿನ ಜೊತೆಗೆ ಕಣ್ಣೀರೂ ಬಂದಿತು. ಅದು ಹಗುರಾದ ಕಣ್ಣೀರು.

ಬಾಬಾಸಾಹೇಬರು ಕೂಸನ್ನು ಅವಳ ಕೈಗೆ ಕೊಟ್ಟು, ಟೋಪಿ ತೆಗೆದಿಟ್ಟು, ಕಚ್ಚೆ ಬಿಗಿದು ಹಿತ್ತಲಿಗೆ ನಡೆದರು. ತಾಮ್ರದ ಹಂಡೆಯ ಗಂಜಿಯನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಅದೇ ಹಂಡೆಯಲ್ಲಿ ನೀರು ಕುದಿಸಿ, ಚೌಕಗಳನ್ನೆಲ್ಲ ಹಾಕಿ, ನೀರು ತಿಳಿಯಾಗುವವರೆಗೆ ಜಾಲಾಡಿದರು. ಬೀಗರು, ನೆಂಟರು ಬಂದಾಗ ಮನೆಯ ಯಜಮಾನ ಬರಿದಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಲಂಗೋಟಿ ಒಗೆಯುತ್ತಿದ್ದ.

"ಮುಹೂರ್ತ ಬಂತ್ರಿ," ಎಂದಳು ಗಿರಿಜವ್ವ. "ಅರಿವಿ ಇನ್ನೂ ಹಸಿ ಅದಾವ. ಈಗಿಷ್ಟ ಆ ಪ್ಯಾಕೀಟ ಹಾಕಿದ್ರ ಆತು."

ಎಲ್ಲರೂ ಶೈಲಾಳ ಕಡೆಗೆ ನೋಡಿದರು. ಕರಾರಿನಂತೆ ಅವಳು ಸೋತಿದ್ದಳು, ಮರುಮಾತಾಡುವಂತಿರಲಿಲ್ಲ. ಅವಳು ಗೂಡಿನ ಕಡೆಗೆ ಕೈ ಚಾಚಿದಳು.

"ಬ್ಯಾಡ," ಎಂದರು ಬಾಬಾಸಾಹೇಬರು, ಹಿತ್ತಲ ಬಾಗಿಲಿನಲ್ಲಿ ನಿಂತು. "ಸೋತಾಂವ ನಾನು, ಅಕಿ ಅಲ್ಲ. ಬಿಸಿಲ ಚಲೋ ಐತಿ, ಅರಿವಿ ಈಗ ಒಣಗ್ತಾವ. ಅಲ್ಲೀಮಟ ಕೂಸು ಶಿವನಂಗ ದಿಕ್ಕ ಉಟ್ಕೊಂಡ ಇರ್ಲಿ. ಡಾಕ್ಟರೂ ಗಾಳಿ ಆಡ್ಲಿ ಅಂದಾರ."

ಸಂಜಯ ತಂದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ; ಪ್ಯಾಕೆಟ್ಟನ್ನು ಗೂಡಿನಿಂದ ತೆಗೆದು ಅಟ್ಟಕ್ಕೆ ಎಸೆದ. "ಗಂಜಿ ಇಲ್ದ ಇನ್ನೊಂದ ವಾರ ನೋಡೂನು," ಎಂದ.

ಹೀಗೆ ಆ ಕೂಸು ದಿಗಂಬರವಾಗಿಯೇ ತೊಟ್ಟಿಲೇರಿತು, ನೀಲಮ ಎಂಬ ಹೆಸರನ್ನು ಪಡೆಯಿತು. ಹೆಸರು ಕಿವಿಗೆ ಬಿದ್ದೊಡನೆ ತೊಟ್ಟಿಲ ಹೊಸ ಹಾಸಿಗೆಯನ್ನು ಯಥೇಚ್ಛವಾಗಿ ತೋಯಿಸಿ, ನೆರೆದವರನ್ನೆಲ್ಲ ನಗಿಸಿತು. ವಾರ ತುಂಬುವುದರೊಳಗೆ ತೊಡೆಯ ದದ್ದು ಮಾಗಿ, ಮೈ ಮತ್ತೆ ಬೆಣ್ಣೆಯಾಯಿತು. ಗುಂಡಿಯ ಡೈಪರು ಸತ್ತಿಗೆ ಹೋಗುವ ದಿನಗಳಿಗೆ ಮೀಸಲಾಯಿತು. ಒಗೆಯುವ ಸರದಿ ಹಂಚಿಹೋಯಿತು. ಸಂಜೆಯ ಸರದಿ ಸಂಜಯನದು.

ಕೆಲವು ದಿನಗಳ ಮೇಲೆ ಬೇಲಿಯ ಬಳಿ ನಿಂತ ಜಕ್ಕಪ್ಪ, ಜೋತುಬಿದ್ದ ಅಂಗಿಯಲ್ಲಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ತಿರುಗಾಡುತ್ತಿದ್ದ ಗೆಳೆಯನನ್ನು ಕಂಡು ಬೆರಗಾದ.

"ಸಾವಕಾರ್ರ, ಇದೇನ್ರಿ! ನೀವೂ ಸೊರಗೀರಲ್ರಿ!"

"ಸುಮ್ನ ಹೋಗಲೇ," ಎಂದರು ಬಾಬಾಸಾಹೇಬರು ದನಿಯಡಗಿಸಿ. "ಈಗ ನಿದ್ದಿ ಹತ್ತೇತಿ. ಕಡಕ ಅಂಗಿ ಅದರ ಗಲ್ಲಕ್ಕ ಚುಚ್ಚತೈತಿ."

ಈ ವೃತ್ತಾಂತವನ್ನು ಕೇಳಿದವರ ಮನೆಯಲ್ಲಿ ತೊಟ್ಟಿಲು ತೂಗಲಿ. ಅಲ್ಲಿ ಮಲಗಿದ ಕೂಸುಗಳ ಮೈ ತಂಪಾಗಿರಲಿ, ಅವುಗಳ ತಾಯಂದಿರಿಗೆ ನಿದ್ದೆ ತುಂಬ ಸಿಗಲಿ. ಹಿತ್ತಲ ತಂತಿಗೆ ಬಿಸಿಲು ಕಡಿಮೆಯಾಗದಿರಲಿ. ಹಿರಿಯರ ಹೆಗಲು ಹಳೆಯ ಧೋತರದಂತೆ ದಿನದಿನಕ್ಕೆ ಮೆತ್ತಗಾಗಲಿ. ಆ ಹೆಗಲ ಮೇಲೆ ಎಲ್ಲರ ಮಕ್ಕಳೂ ಸುಖವಾಗಿ ನಿದ್ರಿಸಲಿ.