ತಾಡಪತ್ರಿಯ ಹರಿಗೋಲು

ಫೈನಲ್ ಇಯರ್ ಬಿ.ಎಸ್ಸಿ.ಗೆ ಕೆಮಿಸ್ಟ್ರಿ ಮೇಷ್ಟ್ರು ಕೊಟ್ಟ ಪ್ರಾಜೆಕ್ಟು: ಪ್ಲಾಸ್ಟಿಕ್ಕಿನ ರಚನೆ, ಗುಣ, ಪರಿಸರದ ಮೇಲೆ ಅದರ ಪರಿಣಾಮ. ಹೊಸಪೇಟೆಯ ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಹಿಂದಿನ ವರ್ಷದವರ ಫೈಲು ತಂದು ನಕಲು ಮಾಡುತ್ತಿದ್ದರು. ನಾನೂ ಅದನ್ನೇ ಮಾಡುವವಳಿದ್ದೆ. ಆದರೆ ಆ ಭಾನುವಾರ ಊರಿಗೆ ಹೋದಾಗ ಅಪ್ಪ ಹೊಸ ಹರಿಗೋಲಿಗೆ ಲಾರಿಯ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಿದ್ದ.

ನಮ್ಮದು ತಳವಾರಘಟ್ಟ. ಅಪ್ಪ ಉಚ್ಚೆಂಗಪ್ಪ ಜನರನ್ನು ಹೊಳೆ ದಾಟಿಸುವವನು. ಅಜ್ಜನ ಕಾಲದಲ್ಲಿ ಬಿದಿರಿನ ಹೆಣಿಗೆಗೆ ಎಮ್ಮೆ ಚರ್ಮ ಬಿಗಿಯುತ್ತಿದ್ದರು. ಈಗ ಗೊಬ್ಬರದ ಚೀಲ ಬಿಚ್ಚಿ, ಒಂದಕ್ಕೊಂದು ಹೊಲಿದು, ಮೇಲೆ ಡಾಂಬರು ಬಳಿಯುತ್ತಾರೆ. ಈ ಸಲ ಹೊಲಿಗೆಯ ಕಾಟ ಬೇಡವೆಂದು ಅಪ್ಪ ಯಶವಂತನಗರಕ್ಕೆ ಹೋಗಿ, ಅದಿರು ಲಾರಿಯ ಕ್ಲೀನರ್ ಒಬ್ಬ ಬಿಸಾಡಿದ್ದ ನೀಲಿ ತಾಡಪತ್ರಿ ಹೊತ್ತು ತಂದಿದ್ದ. ಎರಡು ಬೇಸಿಗೆ ಬಿಸಿಲಲ್ಲಿ ಅದಿರಿನ ಮೇಲೆ ಬಿದ್ದಿದ್ದ ಮಾಲು. ಮರುದಿನ ಬೆಳಿಗ್ಗೆ ಮೊದಲ ಸವಾರಿ. ಆಚೆ ದಡದ ಬಾಳೆತೋಟಕ್ಕೆ ಕೂಲಿಗೆ ಹೋಗುವ ಹತ್ತು ಹೆಂಗಸರು, ಅವರಲ್ಲಿ ಅವ್ವನೂ ಒಬ್ಬಳು.

ಉಳಿದಿದ್ದ ಚೂರೊಂದನ್ನು ಮಡಚಿದೆ. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿತು, ಬೆರಳಿಗೆ ಪುಡಿ ಅಂಟಿತು. ಪುಸ್ತಕದಲ್ಲಿ ಇದಕ್ಕೆ ಎರಡೇ ಸಾಲು. ಪ್ಲಾಸ್ಟಿಕ್ ಅಂದರೆ ಅಣುಗಳ ಉದ್ದುದ್ದ ಸರಪಳಿಗಳು. ಬಿಸಿಲು ಅವನ್ನು ಕತ್ತರಿಸುತ್ತದೆ. ಬಲ ಹೋಗುತ್ತದೆ, ಪ್ಲಾಸ್ಟಿಕ್ ಹೋಗುವುದಿಲ್ಲ.

"ಅಪ್ಪಾ, ಇದು ತಡಿಯಂಗಿಲ್ಲ. ಬಿಸಿಲಿಗೆ ಒಳಗಿನ ಎಳಿ ಹರದಾವು."

"ಬಿಸಿಲು ನನ್ನೂ ಐವತ್ತು ವರ್ಷ ಸುಟ್ಟೈತಿ. ನಾ ಹರದೀನೇನವಾ?"

"ನಿನ್ನ ಮ್ಯಾಲೆ ಹತ್ತು ಮಂದಿ ಕುಂದ್ರಂಗಿಲ್ಲಲ್ಲ."

"ಕುಂತೀರಲ್ಲ, ಮನಿಮಂದಿ ಎಲ್ಲಾ."

ಎಳೆದು ಪರೀಕ್ಷಿಸುವ ಮಷಿನ್ ನಮ್ಮ ಕಾಲೇಜಿನಲ್ಲೂ ಇಲ್ಲ. ಹೆಬ್ಬೆರಳಗಲದ ಎರಡು ಪಟ್ಟಿ ಕತ್ತರಿಸಿದೆ, ಒಂದು ಗೊಬ್ಬರದ ಚೀಲದ್ದು, ಒಂದು ತಾಡಪತ್ರಿಯದು. ಹುಣಸೆ ಕೊಂಬೆಗೆ ಕಟ್ಟಿ, ಕೆಳಗೆ ಬಕೆಟ್ ತೂಗುಹಾಕಿ, ಲೀಟರ್ ಹಿಡಿಯುವ ಚೊಂಬಿನಿಂದ ನೀರು ಸುರಿದೆ. ಚೀಲದ ಪಟ್ಟಿಗೆ ಹದಿನೈದು ಚೊಂಬು ಹಾಕಿದೆ. ಬಕೆಟ್ ತುಂಬಿ ಚೆಲ್ಲಿತು, ಪಟ್ಟಿ ಹರಿಯಲಿಲ್ಲ. ತಾಡಪತ್ರಿಯದು ನಾಲ್ಕನೇ ಚೊಂಬಿಗೆ ಹರಿದು ಬಕೆಟ್ ನನ್ನ ಕಾಲ ಮೇಲೆ ಬಿತ್ತು.

"ನೀ ವಾರಿ ಕೊಯ್ದಿ, ನೆಟ್ಟಗಿಲ್ಲ," ಅಂದ ಅಪ್ಪ.

ಅವನೇ ಕೊಯ್ದ. ಅವನೇ ಸುರಿದ. ಮೂರನೇ ಚೊಂಬಿಗೆ ಹರಿಯಿತು. ಇನ್ನೊಂದು ಮೂಲೆಯಿಂದ ಕೊಯ್ದ. ನಾಲ್ಕು. ಮತ್ತೆ ಕತ್ತಿ ಎತ್ತಿಕೊಂಡ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಾಳೆ ಅದ್ರಾಗ ಕುಂದ್ರಾಕಿ ನಾನು. ಇನ್ನೆಷ್ಟು ಸಲ ಹರೀಬೇಕು?"

ಅಪ್ಪ ಕತ್ತಿ ಹಿಡಿದು ಹರಿಗೋಲಿನ ಕಡೆ ನಡೆದ. ತಾಡಪತ್ರಿ ಕೀಳಲು ಮಧ್ಯಾಹ್ನವಾಯಿತು. ಅಂಚೆಲ್ಲ ಡಾಂಬರಿನ ಸಮೇತ ಹಪ್ಪಳದ ಹಾಗೆ ಮುರಿದು ಬಂತು. ಅವ್ವ ಅಟ್ಟದಿಂದ, ಭತ್ತಕ್ಕೆಂದು ಎತ್ತಿಟ್ಟಿದ್ದ ಹನ್ನೆರಡು ಚೀಲ ಇಳಿಸಿದಳು. ಬಿಸಿಲು ಕಾಣದ ಚೀಲಗಳು. ಅಪ್ಪ ದಬ್ಬಳದಿಂದ ಹೊಲಿದ, ನಾನು ಅಂಚು ಹಿಡಿದೆ. ಮತ್ತೆ ಡಾಂಬರು ಕಾಯಿಸಿ ಬಳಿಯುವಷ್ಟರಲ್ಲಿ ಹೊತ್ತು ಇಳಿದಿತ್ತು, ನನಗೆ ಬೆನ್ನು ನೆಟ್ಟಗೆ ಮಾಡಲಾಗುತ್ತಿರಲಿಲ್ಲ.

ಕಿತ್ತ ತಾಡಪತ್ರಿಯ ಗುಡ್ಡೆ ಹಾಗೇ ಬಿದ್ದಿತ್ತು.

"ಸುಡೂಣೇನು?" ಅಪ್ಪ ಕೇಳಿದ.

"ಬ್ಯಾಡ, ಊರೆಲ್ಲಾ ಕೆಮ್ಮತೈತಿ," ಅಂದಳು ಅವ್ವ.

ಹೂಳೋಣವೆಂದರೆ ನಮ್ಮಲ್ಲಿ ಗೇಣುದ್ದ ಅಗೆದರೆ ಬಂಡೆ. ಕಸದ ಗಾಡಿ ಕಮಲಾಪುರದಿಂದ ಈಚೆಗೆ ಬರುವುದಿಲ್ಲ.

"ನಿನ್ನ ಬುಕ್ಕಿನ್ಯಾಗ ಏನೈತಿ, ಹೇಮಾ?"

"ಕಡಿಮಿ ಬಳಸ್ರಿ ಅಂತ ಬರದಾರ."

ಅಪ್ಪ ಆ ದಿನ ನಕ್ಕಿದ್ದು ಅದೊಂದೇ ಸಲ. "ಚರ್ಮ ಆಗಿದ್ರ ನಾಯಿಗಳಾರ ತಿಂತಿದ್ವು."

ಒಂದು ತುದಿ ಹಿಡಿದು ಹೊಳೆಯ ಕಡೆ ಎಳೆದ. ಭಾರವಿತ್ತು. ನಿಂತು ನನ್ನ ಮುಖ ನೋಡಿದ. ನಾನು ಇನ್ನೊಂದು ತುದಿ ಹಿಡಿದೆ.

ಹೊಳೆಗೆ ಬಿಟ್ಟೆವು, ಮುಳುಗಲಿಲ್ಲ. ಸ್ವಲ್ಪ ದೂರ ತೇಲಿ, ನಡುವಿನ ಬಂಡೆಗೆ ಸಿಕ್ಕಿ ನಿಂತಿತು.

ಬೆಳಿಗ್ಗೆ ಹತ್ತು ಹೆಂಗಸರು ಹತ್ತಿದರು. "ಉಚ್ಚೆಂಗಪ್ಪ, ಹೊಸಾದೈತಿ, ಜಲ್ದಿ ಮುಳಗಸಬ್ಯಾಡೋ," ಅಂದಳು ದುರ್ಗಕ್ಕ. ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಹೊಳೆಯ ನಡುವೆ ತಾಡಪತ್ರಿ ಅಡ್ಡ ಬಂದಾಗ ಅಪ್ಪ ಹುಟ್ಟಿನಿಂದ ತಿವಿದ. ಅದು ಹರಿದು, ನೀಲಿ ಚೂರುಗಳು ಕಂಪ್ಲಿ ಕಡೆಗೆ ಹರಿದುಹೋದವು. ಅವ್ವ ಆಚೆ ದಡಕ್ಕೆ ಇಳಿಯುವವರೆಗೂ ನಾನು ಈಚೆ ದಡದಲ್ಲೇ ನಿಂತಿದ್ದೆ.

ಅಪ್ಪ ಖಾಲಿ ಹರಿಗೋಲು ತಂದು ಕಟ್ಟುತ್ತಾ, "ಒಂದ್ ಹನಿ ಬರ್ಲಿಲ್ಲ," ಅಂದ.

ಹಾಸ್ಟೆಲಿಗೆ ಬಂದು ಫೈಲಿನಲ್ಲಿ ಬರೆದೆ: ಬಿಸಿಲು ಕಾಣದ ಚೀಲ, ಹದಿನೈದು ಲೀಟರಿಗೂ ಹರಿಯಲಿಲ್ಲ. ಬಿಸಿಲಿಗೆ ಬಿದ್ದ ತಾಡಪತ್ರಿ, ಮೂರರಿಂದ ನಾಲ್ಕು. ಪರಿಸರದ ಮೇಲಿನ ಪರಿಣಾಮ ಅನ್ನುವ ಕೊನೆಯ ಭಾಗವನ್ನು ಹಿಂದಿನ ವರ್ಷದ ಫೈಲಿನಿಂದ ನಕಲು ಮಾಡಿದೆ.