ನಡೆದಾಡಿದ ಮೋಟಾರು

"ಐದು," ಅಂದಳು ಸುಚಿತ್ರಾ.

ಆ ಮಾತು ಬಾಯಿಂದ ಪೂರ್ತಿ ಬಿದ್ದಿತ್ತೋ ಇಲ್ಲವೋ, ಮೂಕಪ್ಪನ ಮುಷ್ಟಿ ಮಾಲತೇಶನ ಬಾಯಿಗೆ ಬಿತ್ತು. ಬಿಳಿಚೋಡಿನ ಹಾಲಿನ ಡೇರಿಯ ಕಟ್ಟೆಯ ಮೇಲೆ ಹಲ್ಲೊಂದು ಟಕ್ಕೆಂದು ಉರುಳಿತು.

ಐದನೇ ಮೈಕು ಮಾಲತೇಶನ ಹೊಲದ ಬೇವಿನ ಮರದಲ್ಲಿರುವುದು ಊರಿಗೆಲ್ಲ ಗೊತ್ತಿತ್ತು. ಸುಚಿತ್ರಾ ನ್ಯಾಮತಿಯವಳು, ಕಾಡುಪ್ರಾಣಿಗಳ ಲೆಕ್ಕ ಇಡುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ. ತೋಳಗಳ ಕೂಗು ಹಿಡಿಯಲೆಂದು ಗುಡ್ಡದಂಚಿನ ಎಂಟು ಹೊಲಗಳಲ್ಲಿ ಎಂಟು ಮೈಕು ಕಟ್ಟಿಸಿ, ಎಲ್ಲದರ ವೈರನ್ನೂ ಸದ್ದು ದಾಖಲಿಸುವ ಒಂದೇ ಪೆಟ್ಟಿಗೆಗೆ ತಂದಿದ್ದವಳು ಅವಳೇ.

ಪೆಟ್ಟಿಗೆ ತೋಳದ ಕೂಗಷ್ಟೇ ಹಿಡಿದಿರಲಿಲ್ಲ. ಮೆಕ್ಕೆಜೋಳಕ್ಕೆ ಬೀಳುವ ಹಂದಿಗಳನ್ನು ಕೊಲ್ಲಲು ಯಾರೋ ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಡುತ್ತಿದ್ದರು. ಕಚ್ಚಿದರೆ ಮೂತಿ ಹಾರಿಹೋಗುತ್ತದೆ. ನಿನ್ನೆ ಕಚ್ಚಿದ್ದು ಹಂದಿಯಲ್ಲ, ಮೂಕಪ್ಪನ ಕುರಿ. ಅದರ ಬಾಯಿಂದ ಉಂಡೆ ಕಸಿಯಲು ಹೋದ ಅವನ ಹೆಂಡತಿ ಓಬವ್ವನಿಗೆ ಈಗ ಬಲಗೈ ಮಣಿಕಟ್ಟಿನಿಂದಾಚೆ ಇಲ್ಲ. ಸಿಡಿದದ್ದು ಬಂಡಿದಾರಿಯಲ್ಲಿ. ಇಟ್ಟವರು ಯಾರೆಂದು ಹೇಳುವಂತಿರಲಿಲ್ಲ.

"ಹೋದ ವಾರಾನೂ ಹೊಲದಾಗೆ ಒಂದು ಢಂ ಅಂತಲ್ರೀ ಮೇಡಂ, ಅದು ಯಾರ ಹೊಲ ಅಂತ ನಿಮ್ಮ ಪೆಟ್ಟಿಗೆ ಹೇಳ್ತತಾ?" ಅಂತ ಮೂಕಪ್ಪ ಬೆಳಿಗ್ಗೆ ಕೇಳಿದ್ದ.

ಹೇಳುತ್ತದೆ, ಅಂದುಬಿಟ್ಟಿದ್ದಳು.

"ಹಾಕ್ರಲೇ ಇವನಿಗೆ! ಹೆಂಗಸಿನ ಕೈ ತಿಂದ ಬೋಳಿಮಗ!" ಮೂಕಪ್ಪನ ಅಣ್ಣ ಚಿಕ್ಕಹನುಮಂತಪ್ಪ ಕುರಿಹಟ್ಟಿಯ ಬಿದಿರು ಗಳವೊಂದನ್ನು ಕಿತ್ತುಕೊಂಡೇ ಬಂದಿದ್ದ. ಬೀಸಿದ. ಮಾಲತೇಶನ ಮೊಣಕಾಲು ಒಣಕಟ್ಟಿಗೆ ಮುರಿದಂತೆ ಸದ್ದು ಮಾಡಿತು.

"ನಾನಲ್ಲ ಮಾವ! ಬೀರಪ್ಪನಾಣೆ ನಾನಲ್ಲ!"

"ಹಂಗಾರೆ ಪೆಟ್ಟಿಗೆ ಸುಳ್ಳು ಹೇಳ್ತತೇನಲೇ? ಅದೇನು ನಿನ್ನ ದಾಯಾದಿನಾ?"

ಯಾರೋ ನಕ್ಕರು. ನಗುತ್ತಲೇ ಒದ್ದರು. ಕಟ್ಟೆಯ ಅಂಚಿಗೆ ಬಡಿದು ಮಾಲತೇಶನ ತಲೆ ಒಡೆಯಿತು. ಹಾಲಿನ ಕ್ಯಾನೊಂದು ಉರುಳಿ, ಹಾಲು ರಕ್ತದ ಜೊತೆ ಚರಂಡಿಗೆ ಇಳಿಯಿತು.

ಸುಚಿತ್ರಾ ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ಗೋಡೆಗಂಟಿದಳು. "ಬಿಡ್ರೀ, ಪೊಲೀಸ್ರಿಗೆ ಹೇಳಾನಾ" ಅಂದದ್ದು ಅವಳಿಗೇ ಕೇಳಿಸಲಿಲ್ಲ. ಕಣ್ಣು ತಪ್ಪಿಸಲು ಪರದೆ ನೋಡಿದಳು. ಅವಳು ಬರೆದ ಕಂಪ್ಯೂಟರ್ ಕೋಡು ಇನ್ನೂ ಓಡುತ್ತಿತ್ತು. ಹೋದ ವಾರದ ಸದ್ದೆಲ್ಲ ಒಂದೇ ದೊಡ್ಡ ಬೈನರಿ ಫೈಲು. ಪೂರ್ತಿ ತೆರೆದರೆ ಲ್ಯಾಪ್‌ಟಾಪು ಉಸಿರು ಕಟ್ಟಿ ನಿಲ್ಲುತ್ತದೆ. ಅದಕ್ಕೇ ತುಂಡು ತುಂಡಾಗಿ ಓದಿಸುತ್ತಿದ್ದಳು. ಒಂದೊಂದು ತುಂಡಿಗೂ ಪರದೆಯ ಮೇಲೆ ಎಂಟು ಗೆರೆ, ಎಂಟು ಮೈಕು.

ಎಂಟನೇ ಮೈಕಿನ ಪಕ್ಕ ಬೋರ್‌ವೆಲ್ ಇತ್ತು. ಮೋಟಾರಿನ ಗುಂಯ್ ಸದ್ದು ಎಂಟನೇ ಗೆರೆಯಲ್ಲಿ ದಪ್ಪಗೆ ಕಾಣಬೇಕು. ಮೊದಲ ತುಂಡಿನಲ್ಲಿ ಅಲ್ಲೇ ಇತ್ತು. ಎರಡನೆಯದರಲ್ಲಿ ಏಳಕ್ಕೆ ಬಂದಿತ್ತು. ಮುಂದಿನದರಲ್ಲಿ ಆರಕ್ಕೆ.

ಬೋರ್‌ವೆಲ್ ಮೋಟಾರು ಹೊಲದಿಂದ ಹೊಲಕ್ಕೆ ನಡೆಯುತ್ತದೆಯೇ?

ತಾನೇ ಬರೆದ ಸಾಲುಗಳನ್ನು ಮತ್ತೆ ಓದಿದಳು. ಎಂಟು ಹೆಂಗಸರು ಸಾಲಾಗಿ ಕೂತು ಸರದಿಯಂತೆ ಒಂದೊಂದೇ ಕಾಳನ್ನು ಒಂದೇ ಚೀಲಕ್ಕೆ ಹಾಕಿದ ಹಾಗೆ ಆ ಫೈಲು. ಯಾರ ಕಾಳು ಯಾವುದೆಂದು ತಿಳಿಯಬೇಕಾದರೆ ಪ್ರತಿ ಹಿಡಿಯಲ್ಲೂ ಎಂಟೆಂಟರ ಲೆಕ್ಕ ತಪ್ಪಬಾರದು. ಅವಳ ಹಿಡಿಯಲ್ಲಿ ಪ್ರತಿಸಲವೂ ಒಂದು ಕಾಳು ಹೆಚ್ಚು ಬರುತ್ತಿತ್ತು. ಮುಂದಿನ ಹಿಡಿ ಎರಡನೆಯವಳ ಕಾಳಿನಿಂದ ಶುರುವಾದರೂ ಕೋಡು ಅದನ್ನು ಮೊದಲನೆಯವಳ ಹೆಸರಿಗೇ ಬರೆಯುತ್ತಿತ್ತು. ಒಂದನೇ ಮೈಕಿನ ಮುಂದೆ ಚಪ್ಪಾಳೆ ತಟ್ಟಿ, ಮೊದಲ ತುಂಡೊಂದನ್ನೇ ನೋಡಿ, ಸರಿಯಿದೆ ಅಂದುಕೊಂಡಿದ್ದಳು.

ಢಂ ಅಂದ ತುಂಡನ್ನು ತೆಗೆದಳು. ಅದರಲ್ಲಿ ಮೋಟಾರು ಮೂರಕ್ಕೆ ಬಂದು ಕೂತಿತ್ತು. ಐದು ಗೆರೆ ಹಿಂದಕ್ಕೆ ಜಾರಿದೆ. ಐದರಿಂದ ಐದು ಗೆರೆ ಮುಂದಕ್ಕೆ ಎಣಿಸಿದಳು: ಆರು, ಏಳು, ಎಂಟು, ಮತ್ತೆ ಒಂದು, ಎರಡು. ಹಾಗಾದರೆ ಅವಳು ಐದು ಅಂದದ್ದು ಐದಲ್ಲ, ಎರಡು.

ಎರಡನೇ ಮೈಕು ಚಿಕ್ಕಹನುಮಂತಪ್ಪನ ಹೊಲದಲ್ಲಿತ್ತು.

ಗಳ ಮತ್ತೆ ಮೇಲೆದ್ದಿತ್ತು, ಈಸಲ ತಲೆಗೆ. ಸುಚಿತ್ರಾ ಲ್ಯಾಪ್‌ಟಾಪು ಬಿಸಾಕಿ ಓಡಿದಳು. ಮಾಲತೇಶನ ಮೇಲೆ ಬಿದ್ದಳು. ಏಟು ಅವಳ ಭುಜಕ್ಕೆ ತಗುಲಿ, ಕಣ್ಣಿಗೆ ಕತ್ತಲೆ ಕವಿಯಿತು.

"ತಪ್ಪಾಗೈತೆ!" ಕಿರುಚಿದಳು. "ತಪ್ಪು ನಂದು! ಐದಲ್ಲ!"

ಕೈಗಳು ಗಾಳಿಯಲ್ಲೇ ನಿಂತವು. ಮೂಕಪ್ಪ ಅವಳ ಜಡೆ ಹಿಡಿದೆತ್ತಿದ. ಅವನ ಗೆಣ್ಣುಗಳ ಮೇಲೆ ಮಾಲತೇಶನ ರಕ್ತವಿತ್ತು.

"ಐದಲ್ದಿದ್ರೆ ಎಷ್ಟು? ಹೇಳ್ರೀ ಮೇಡಂ, ಎಷ್ಟು?"

ನಾಲಿಗೆಯ ತುದಿಯಲ್ಲೇ ಇತ್ತು. ಕೆಳಗೆ ಮಾಲತೇಶ ಗೊರಗೊರ ಉಸಿರೆಳೆಯುತ್ತಿದ್ದ. ಒಂದು ಅಂಕಿ ಹೇಳಿದ್ದಕ್ಕೆ ಇಷ್ಟಾಗಿತ್ತು. ಹಲ್ಲು ಕಚ್ಚಿದಳು.

"ಪೊಲೀಸ್ರಿಗೆ ಹೇಳ್ತೀನಿ. ನಿಮಗೆ ಹೇಳಲ್ಲ."

ಕೆನ್ನೆಗೆ ಬಿತ್ತು. ಬಾಯಲ್ಲಿ ಉಪ್ಪು. ಇನ್ನೊಂದು ಬಿತ್ತು. ಹೇಳಲಿಲ್ಲ.

"ಏ ಬಿಡಪ್ಪ, ಸಾಕು." ಚಿಕ್ಕಹನುಮಂತಪ್ಪ ಗಳವನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಹೆಣ್ಣುಮಗಳನ್ನ ಹೊಡೀಬಾರದು. ಆಗಿದ್ದು ಆತು. ಮನೀಗ್ ನಡೀರಿ ಎಲ್ಲಾ."

ಮೂಕಪ್ಪ ಜಡೆ ಬಿಟ್ಟ. ಅಣ್ಣನ ಕಡೆ ನಿಧಾನಕ್ಕೆ ತಿರುಗಿದ. ಇಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ಹೊಡೆದವನು, ಎಲ್ಲರಿಗಿಂತ ಮೊದಲು ಸಾಕು ಅಂದಿದ್ದ.

"ಈಗ ಸಾಕಾತೇನಣ್ಣ?"

ಚಿಕ್ಕಹನುಮಂತಪ್ಪ ತುಟಿ ಸವರಿಕೊಂಡ. "ಹಂದಿ ಜೋಳ ಎಲ್ಲಾ ತಿಂದು ಹಾಕಿದ್ವು ಕಣಪ್ಪ. ಓಬವ್ವ ಆ ದಾರಿಯಾಗೆ ಬರ್ತಾಳೆ ಅಂತ ನನಗೇನು..."

ಮೂಕಪ್ಪನ ಕೈ ಗೋಡೆಗೊರಗಿದ್ದ ಗಳದ ಮೇಲಿತ್ತು.

"ಬ್ಯಾಡ್ರೀ! ಅಣ್ಣಾ, ಬ್ಯಾಡ್ರೀ!" ಸುಚಿತ್ರಾ ಕೂಗಿದಳು. ಎದ್ದು ಹೋಗಿ ಹಿಡಿಯುವಂತಿರಲಿಲ್ಲ. ಜಡೆ ಬಿಟ್ಟೊಡನೆ ಮಾಲತೇಶನ ಪಕ್ಕ ಕೂತು, ಅವನ ಒಡೆದ ತಲೆಯನ್ನು ದುಪಟ್ಟಾದಿಂದ ಒತ್ತಿ ಹಿಡಿದಿದ್ದಳು. ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು. ಜನ ಅವಳ ಲ್ಯಾಪ್‌ಟಾಪನ್ನು ತುಳಿದುಕೊಂಡೇ ಅಣ್ಣತಮ್ಮಂದಿರ ಸುತ್ತ ಸೇರಿದರು. ಬಿಡಿಸಲು ಯಾರೂ ಹೋಗಲಿಲ್ಲ.

ಗಳ ಬೀಳುವ ಸದ್ದು, ಚಿಕ್ಕಹನುಮಂತಪ್ಪನ ಅರಚಾಟ, ಮತ್ತೆ ಗಳ. ಆಮೇಲೆ ಗಳದ್ದಷ್ಟೇ.

ಅವಳ ಅಂಗೈ ಕೆಳಗೆ ಮಾಲತೇಶನ ಉಸಿರು ತಡವರಿಸಿತು, ನಿಂತಿತು, ಮತ್ತೆ ಹತ್ತಿಕೊಂಡಿತು.

"ಯಕ್ಕಾ," ಅಂದ ಅವನು, ರಕ್ತದ ಗುಳ್ಳೆಯ ನಡುವೆ. "ಈಗಾದ್ರೂ ಸರಿಯಾಗಿ ನೋಡಿದ್ಯಾ?"

"ಹ್ಞೂಂ ಕಣಪ್ಪ," ಅಂದಳು ಸುಚಿತ್ರಾ. ಒತ್ತಿದ ಕೈ ತೆಗೆಯಲಿಲ್ಲ.